ಬಾವಿಯ ಹಗ್ಗ ಕೊಯ್ದ ಮೇಷ್ಟ್ರು

ಪಕ್ಕದ ಮನೆ ಮೇಷ್ಟ್ರ ಉಗುರಿನ ಸಂದಿಯಲ್ಲಿ ಸದಾ ಕೆಮ್ಮಣ್ಣು. ಇಸ್ತ್ರಿ ಮಾಡಿದ ಕೋಟು, ಗಂಜಿ ಹಾಕಿದ ಪಂಚೆ, ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ, ಮನೆಯಲ್ಲಿ ಮಣ್ಣು ಪರೀಕ್ಷಿಸುವ ಹುಚ್ಚು. ಕೈ ಮಾತ್ರ ಮಣ್ಣಾಡಿ ಬಂದ ಮಕ್ಕಳದು.

ಅದು ಐವತ್ತರ ದಶಕ. ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾನು ಹೊಸದಾಗಿ ಬಂದ ಸೊಸೆ. ನಮ್ಮ ಹಿತ್ತಲ ಬಾವಿಯ ನೀರನ್ನೇ ಬೀದಿಯವರೆಲ್ಲ ಕುಡಿಯುತ್ತಿದ್ದರು. ಅಷ್ಟರಲ್ಲಿ ಬೀದಿಯ ತುದಿಗೆ ಸೈಕಲ್ ಹ್ಯಾಂಡಲ್‌ಗಳಿಗೆ ಹೊಳೆಯುವ ಲೇಪ ಹಾಕುವ ಕಾರ್ಖಾನೆಯೊಂದು ಬಂತು. ಅದರ ಹಳದಿ ಕೊಳೆನೀರೆಲ್ಲ ಒಂದು ಗುಂಡಿಗೆ ಬೀಳುತ್ತಿತ್ತು. ಅದು ಬಾವಿಗೆ ಇಳಿದೀತೇ ಎಂದು ಹೆದರಿದವರು ಮೇಷ್ಟ್ರನ್ನು ಕೇಳಿದರು.

ಮೇಷ್ಟ್ರು ಗಾಜಿನ ಕೊಳವೆಗೆ ನಮ್ಮ ಬೀದಿಯ ಮಣ್ಣು ತುಂಬಿ, ಕಿಟಕಿಯ ಕಂಬಿಗೆ ಕಟ್ಟಿ, ಮೇಲಿನಿಂದ ಆ ಹಳದಿ ನೀರು ಸುರಿದರು. ಕೆಳಗೆ ತೊಟ್ಟಿಕ್ಕಿದ್ದು ತಿಳಿನೀರು. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಸಮೀಕರಣ ಬರೆದರು, ಅಳಿಸಿದರು, ಮತ್ತೆ ಬರೆದರು. ಕಾಫಿ ಆರಿಹೋಯಿತೆಂದು ಹೆಂಡತಿ ಗೊಣಗಿದ್ದೇ ಬಂತು. "ನೀರು ಮುಂದೆ ಹೋಗುತ್ತೆ ಕಣಮ್ಮ, ವಿಷಾನ ಮಣ್ಣು ಹಿಡ್ಕೊಳ್ಳುತ್ತೆ. ಎಷ್ಟು ಹೊತ್ತು ಹಿಡ್ಕೊಳ್ಳುತ್ತೆ ಅನ್ನೋದೇ ಲೆಕ್ಕ," ಎಂದು ನನಗೆ ವಿವರಿಸಿದರು. ಕೊನೆಗೆ ಬೀದಿಯವರಿಗೆ, "ನಿಮ್ಮ ಮಕ್ಕಳ ಮದುವೆ ಹೊತ್ತಿಗೂ ವಿಷ ಬಾವಿಗೆ ಬರಲ್ಲ. ಧೈರ್ಯವಾಗಿ ಕುಡೀರಿ," ಎಂದರು. ಕುಡಿದೆವು.

ಮುಂದಿನ ಮಳೆಗಾಲದಲ್ಲಿ ಹತ್ತಿರದ ಸೈಟಿನಲ್ಲಿ ಪಾಯ ಅಗೆದರು. ಮಣ್ಣಿನ ಕೆಳಗೆ ಬಂಡೆ, ಬಂಡೆಯಲ್ಲೊಂದು ಬಿರುಕು, ಬಿರುಕಿನಿಂದ ನೀರು ಒಸರುತ್ತಿತ್ತು. ಮೇಷ್ಟ್ರು ಅದನ್ನು ಸೀಸೆಯಲ್ಲಿ ಹಿಡಿದು ಕಾಲೇಜಿಗೆ ಒಯ್ದು ಪರೀಕ್ಷಿಸಿದರು. ಅದರಲ್ಲಿ ಕಾರ್ಖಾನೆಯ ವಿಷವಿತ್ತು. ವಿಷ ಮಣ್ಣನ್ನು ದಾಟಿ ಬರಬೇಕೆಂದು ಅವರು ಲೆಕ್ಕ ಹಾಕಿದ್ದರು. ಅದು ಬಂಡೆಯ ಬಿರುಕು ಹಿಡಿದು ನೆಟ್ಟಗೆ ಬಾವಿಯ ಕಡೆ ಹೊರಟಿತ್ತು.

ಮನೆಮನೆಗೆ ಹೋಗಿ ಕುಡಿಯಬೇಡಿ ಎಂದರು. ಬೀದಿ ಕೊಳಾಯಿ ದೂರ, ಬಾವಿಯ ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ನೀವೇ ಕುಡೀರಿ ಅಂದ್ರಿ, ಈಗ ನೀವೇ ಬೇಡ ಅಂತೀರಿ. ಯಾವುದನ್ನ ನಂಬೋದು ಮೇಷ್ಟ್ರೇ?" ಎಂದರು ನಮ್ಮತ್ತೆ.

ಮರುದಿನ ಬೆಳಿಗ್ಗೆ ಮೇಷ್ಟ್ರು ಕುಡುಗೋಲು ಹಿಡಿದು ಹಿತ್ತಲಿಗೆ ಬಂದು, ನಾವು ನೋಡುನೋಡುತ್ತಿದ್ದಂತೆ ಬಾವಿಯ ಹಗ್ಗ ಕೊಯ್ದರು. ಕೊಡ ದಬಾರನೆ ಒಳಗೆ ಬಿತ್ತು. ಅತ್ತೆ ಬಾಯಿಗೆ ಬಂದಂತೆ ಬೈದರು. ಮೇಷ್ಟ್ರು ಬಸುರಿಯಾಗಿದ್ದ ನನ್ನ ಕಡೆ ತಿರುಗಿ, "ನೀನಾದ್ರೂ ಕುಡೀಬೇಡ ಕಣಮ್ಮ. ನನ್ನ ಲೆಕ್ಕ ತಪ್ಪು," ಎಂದು ಕೈಮುಗಿದರು. ಅಷ್ಟು ದೊಡ್ಡವರು ನನಗೆ ಕೈಮುಗಿದದ್ದು ಕಂಡು ಸಂಕಟವಾಯಿತು. ಅತ್ತೆ ಹೊಸ ಹಗ್ಗ ತರಿಸಿದರು. ನಾನು ಕೊಳಾಯಿ ನೀರು ಹೊತ್ತೆ.

ಗೌರಿಹಬ್ಬದ ಹೊತ್ತಿಗೆ ಬಾವಿಯ ನೀರು ಹಳದಿಗೆ ತಿರುಗಿತು. ಮಾವನವರು ಬಾವಿ ಮುಚ್ಚಿಸಿದರು. ಮೇಷ್ಟ್ರು ಹೇಳಿದ್ದೇ ಸರಿ ಎಂದು ಈಗ ಎಲ್ಲರೂ ಹೊಗಳುವವರೇ. ಆದರೆ ಮೊದಲು ತಮ್ಮ ಮಾತು ನಂಬಿ ನಾನು ಎಷ್ಟು ನೀರು ಕುಡಿದೆನೋ ಎಂಬುದು ಮೇಷ್ಟ್ರನ್ನು ಕೊರೆಯುತ್ತಿತ್ತು. ಮಗಳು ಹುಟ್ಟಿದ ಮೇಲೆ ಕಂಡಾಗಲೆಲ್ಲ ಒಂದೇ ಪ್ರಶ್ನೆ: "ಮಗು ಚೆನ್ನಾಗಿದೆಯೇನಮ್ಮ?" ಅವಳು ಕಾಲೇಜು ಸೇರಿದ ಮೇಲೂ ಅದೇ ಪ್ರಶ್ನೆ.

ಅವಳ ಮದುವೆಯಾದ ವರ್ಷವೇ ಮೇಷ್ಟ್ರು ತೀರಿಕೊಂಡರು. ಅವಳನ್ನು ಕರೆದುಕೊಂಡು ಹೋಗಿ ಅವರ ತಲೆಯ ಬಳಿ ನಿಲ್ಲಿಸಿದೆ. ಉಗುರಿನ ಮಣ್ಣನ್ನು ಯಾರೋ ತೊಳೆದಿದ್ದರು.

"ಚೆನ್ನಾಗಿದಾಳೆ ಮೇಷ್ಟ್ರೇ," ಎಂದೆ.