ಅಪ್ಪನ ಕುತ್ತಿಗಿ ಗಂಟಿನ ಅದಲಾಬದಲಿ

ಮಗಳು ಕಾಲೇಜಿನ ಪುಸ್ತಕ ಅಡಿಗಿಮನಿ ಕಟ್ಟೀ ಮ್ಯಾಲೆ ಬಿಟ್ಟು ಹೋಗಿದ್ಲು. ಒಗ್ಗರಣಿ ಸಿಡಿದೀತು ಅಂತ ಎತ್ತಿಡಾಕ ಹೋದ್ರ, ತೆರೆದ ಪುಟದಾಗ ಕ್ರೋಮೋಸೋಮಿನ ಫೋಟೋ. ಉದ್ದಂದು, ಗಿಡ್ಡಂದು, ಜೋಡಿ ಜೋಡಿ ಸಾಲಾಗಿ ಇಟ್ಟಿದ್ರು. ಖರೇ ಹೇಳ್ತೇನಿ, ಬ್ಯಾಡಗಿ ಮೆಣಸಿನಕಾಯಿ ಆರಿಸಿ ಹಚ್ಚಿದಂಗ ಕಂಡ್ವು. ನಾ ಏನೋ ದೊಡ್ಡ ಕಲತಾಕಿ ಅಂತ ತಿಳೀಬ್ಯಾಡ್ರಿ. ಮ್ಯಾಟ್ರಿಕ್ ದಾಟಿದ್ದ ಪುಣ್ಯ. ಆದ್ರ ಇದು ಒಮ್ಮೆ ನನ್ನ ಲಗ್ನ ಮುರಿಯಾಕ ಬಂದಿತ್ತು, ಹಂಗಾಗಿ ನಮ್ಮದು ಹಳೇ ಪರಿಚಯ.

ತೊಂಬತ್ತರ ದಶಕದ ಮಾತು. ಬ್ಯಾಡಗಿಯೊಳಗ ಅಪ್ಪಂದು ಮೆಣಸಿನಕಾಯಿ ಅಂಗಡಿ. ಗಿರಾಕಿ ಚೀಲಕ್ಕ ಕೈ ಹಾಕೂದ್ರೊಳಗ ತಾನ ಕೈ ಹಾಕಿ, ಬಿಳಚಿದ ಕಾಯಿ ಹುಡುಕಿ ತಗದು ತೋರಸಾಂವ. ಇಂಥಾಂವ ವ್ಯಾಪಾರಕ್ಕ ಯಾಕ ಕುಂತಾನೋ ಅಂತ ಅವ್ವ ಹಣಿ ಹಣಿ ಬಡ್ಕೋತಿದ್ಲು. ವಿಚಿತ್ರ ಅಂದ್ರ ಅಂಗಡಿ ಚೊಲೋ ನಡೀತಿತ್ತು.

ರಾಣೆಬೆನ್ನೂರಿನ ಮನಿತನಕ್ಕ ನನ್ನ ಸೋಯರಿಕಿ ಕುದುರೋ ಹೊತ್ತಿಗೆ ಅಪ್ಪನ ಕುತ್ತಿಗಿಗೆ ಒಂದು ಗಂಟು ಬಂತು. ಹಾವೇರಿ ಡಾಕ್ಟರು ಹುಬ್ಬಳ್ಳಿಗೆ ಕಳಿಸಿದ್ರು, ಹುಬ್ಬಳ್ಳಿಯವರು ಗಂಟಿನ ಚೂರು ಮುಂಬೈಗೆ ಕಳಿಸಿದ್ರು. ಲಿಂಫೋಮಾ ಅನ್ನೋ ಕ್ಯಾನ್ಸರ್ ಅಂತ ಬಂತು. ಗಂಟಿನ ಕಣದಾಗ ಹದಿನಾಲ್ಕನೇ ಕ್ರೋಮೋಸೋಮಿನ ತುಂಡು ಹದಿನೆಂಟಕ್ಕ, ಹದಿನೆಂಟನೇದರ ತುಂಡು ಹದಿನಾಲ್ಕಕ್ಕ ಹೋಗಿ ಕುಂತೈತಿ, ಹಂಗಾಗಿ ಸಾಯಬೇಕಾದ ಕಣ ಸಾಯವಲ್ವು ಅಂತ ಡಾಕ್ಟರು ತಿಳಿಸಿ ಹೇಳಿದ್ರು. ಅಪ್ಪ ವಿಚಾರ ಮಾಡಿ, ಅದಲಾಬದಲಿ ಅಷ್ಟ ಆಗೇತಿ, ತೂಕ ಸರಿ ಐತಲ್ಲ ಅಂತ ಕೇಳಿದ್ನಂತ. ಸಾವಕಾಶ ಬೆಳಿಯೋ ರೋಗ, ಔಷಧ ಐತಿ, ದೋಷ ಗಂಟಿನ್ಯಾಗ ಹುಟ್ಟಿದ್ದು, ಮಕ್ಕಳಿಗೆ ಹರಿಯೂದಿಲ್ಲ ಅಂದ್ರು. ಲಗ್ನ ಮುಗಿಸಿ ಬರ್ತೇನಿ ಅಂತ ಅಪ್ಪ ಎದ್ದು ಬಂದ.

ಮಕ್ಕಳಿಗೆ ಹರಿಯೂದಿಲ್ಲ ಅನ್ನೂದನ್ನ ಅವ್ವನ ನಂಬಲಿಲ್ಲ, ಗಂಡಿನವರು ಹೆಂಗ ನಂಬ್ಯಾರು? ಅವರು ಬೀಜದ ವ್ಯಾಪಾರದ ಮಂದಿ. ಹೊಲದಾಗ ಒಂದು ಗಿಡ ಸೊಟ್ಟ ಬಂದ್ರ ಬೀಜಾನ ಬೈಯವರು. ನಿಶ್ಚಯಕ್ಕ ಬರೋ ದಿನ ಅವ್ವ ಅಪ್ಪನ ಕುತ್ತಿಗಿಗೆ ಮಫ್ಲರ್ ಸುತ್ತಿ, ಬಾಯಿ ತಗದ್ರ ನನ್ನಾಣಿ ಅಂದ್ಲು. ಉರಿ ಬಿಸಲಾಗ ಮಫ್ಲರು, ನೀವ ವಿಚಾರ ಮಾಡ್ರಿ. ನಾನೂ ಒಳಗ ದೇವ್ರಿಗೆ ಕೈ ಮುಗದು ನಿಂತಿದ್ದೆ. ಹುಡುಗನ ಫೋಟೋ ನೋಡಿದಾಗಿಂದ ನನ್ನ ಮನಸು ರಾಣೆಬೆನ್ನೂರಾಗ ಹೋಗಿ ಕುಂತಿತ್ತು.

ಗಂಡಿನವರು ಅವಲಕ್ಕಿ ತಾಟಿಗೆ ಕೈ ಹಾಕೂದ್ರೊಳಗ ಅಪ್ಪ ಮಫ್ಲರ್ ಬಿಚ್ಚಿದ.

"ಮೊದಲ ಇದನ್ನ ನೋಡ್ರಿ," ಅಂದ. "ಕ್ಯಾನ್ಸರ್ ಐತಿ. ದೋಷ ಈ ಗಂಟಿನ್ಯಾಗ ಐತಿ, ಮಗಳಾಗ ಇಲ್ಲ. ಸಂಶೆ ಇದ್ರ ಡಾಕ್ಟರನ್ನ ಕೇಳ್ರಿ, ಆಮ್ಯಾಲೆ ಅವಲಕ್ಕಿ ತಿನ್ರಿ."

ಅವ್ವ ಒಳಗ ಬಂದು ಧೊಪ್ಪಂತ ಕುಂತ್ಲು. ಹೊರಗ ಹುಡುಗನ ಅಪ್ಪ ಮೀಸಿ ಸವರಿಕೊಂಡು, ತಮಗೂ ಸಕ್ಕರಿ ಬ್ಯಾನಿ ಐತಿ ಅಂದ್ರು. ಹುಡುಗನ ಅವ್ವ ತಾನೇನು ಕಡಿಮಿ ಅಂತ, ಮಗ ಬಿ.ಕಾಂ. ಪರೀಕ್ಷಾಕ ಕುಂತದ್ದಷ್ಟ ಖರೆ, ಪಾಸಾಗಿಲ್ಲ ಅಂದ್ರು. ಕಡೀಕ ಹುಡುಗನೂ ಬಾಯಿ ಬಿಟ್ಟ: ಎಡಗಿವಿ ಕೇಳೂದಿಲ್ಲಂತ. ಆ ಕಿವಿ ಮುಂದ ಸಂಸಾರದಾಗ ನಮ್ಮ ಮನಿಯವರಿಗೆ ಬಾಳ ಉಪಯೋಗಕ್ಕ ಬಂತು, ಆ ಮಾತು ಬ್ಯಾರೆ. ಎಲ್ಲಾರೂ ಹಗುರಾಗಿ ಮತ್ತ ಮತ್ತ ಅವಲಕ್ಕಿ ಹಾಕಿಸ್ಕೊಂಡ್ರು. ಸೋಯರಿಕಿ ಗಟ್ಟಿ ಆತು.

ಲಗ್ನ ಆಗಿ ಕಳಿಸಿಕೊಡೋ ಹೊತ್ತಿಗೆ ನಾ ಅಪ್ಪನ ಕೈ ಬಿಡವಲ್ಲೆ. ಆತ ಕಿವ್ಯಾಗ, "ಡಾಕ್ಟರು ನೋಡ್ಯಾರ, ಗಂಟು ಕರಗಾಕತ್ತೇತಂತ. ನಕ್ಕೋತ ಹೋಗವ್ವಾ," ಅಂದ. ಬಿಳಚಿದ ಕಾಯಿ ಮುಚ್ಚಿಡದ ಮನಶ್ಯಾ, ಸುಳ್ಳು ಯಾಕ ಹೇಳ್ಯಾನು? ನಕ್ಕೋತ ಟೆಂಪೋ ಹತ್ತಿದೆ. ಆಮ್ಯಾಲೆ ಬಾಳ ವರ್ಷ ಇದ್ದ ಬಿಡ್ರಿ, ಮೊಮ್ಮಗಳನ್ನ ಹೆಗಲ ಮ್ಯಾಲೆ ಕುಂದರಿಸ್ಕೊಂಡು ತಿರಗಿದ.

ಮಗಳು ಪುಸ್ತಕ ಹುಡಿಕ್ಕೋತ ಬಂದ್ಲು. ಫೋಟೋ ತೋರಿಸಿ, ಅಜ್ಜನ ಗಂಟಿನ್ಯಾಗ ಇವ ಅದಲಾಬದಲಿ ಆಗಿದ್ವು ಅಂದೆ. ಔಷಧ ಯಾವಾಗ ಶುರು ಮಾಡಿದ್ರು ಅಂತ ಕೇಳಿದ್ಲು.

"ನನ್ನ ಲಗ್ನ ಆದ ಮರುವಾರ," ಅಂದೆ. ಅಂದ ಮ್ಯಾಲೆ ನನಗ ಹೊಳೀತು.

ನನ್ನ ಕಳಿಸಿಕೊಟ್ಟ ದಿನ ಔಷಧನ ಶುರು ಆಗಿರಲಿಲ್ಲ. ಗಂಟು ಹೆಂಗ ಕರಗೀತು? ಇಷ್ಟು ವರ್ಷ ಊರ ತುಂಬ ನಮ್ಮಪ್ಪ ಸುಳ್ಳು ಹೇಳಿದಾಂವಲ್ಲ ಅಂತ ಹೇಳ್ಕೊಂಡು ತಿರಗೇನಿ. ಹೇಳಿದ್ದ, ನನಗ, ಕಿವ್ಯಾಗ. ಅವತ್ತು ಅಳಬೇಕಾದದ್ದನ್ನೆಲ್ಲ ಇವತ್ತು ಒಲಿ ಮುಂದ ನಿಂತು ಅತ್ತೆ.