ಕೊಂಬು ಹಾಕುವ ಹುಲಿಗೆಮ್ಮಕ್ಕ

ಕೊಂಬಿನಿಂದ ಗಾಳಿ ಎಳೆದೆಳೆದು ಹುಲಿಗೆಮ್ಮಕ್ಕನ ಕೆನ್ನೆಗಳು ಒಳಗೇ ಉಳಿದುಬಿಟ್ಟಿದ್ದವು. ಸುಮ್ಮನೆ ಕೂತಾಗಲೂ ಏನನ್ನೋ ಹೀರುತ್ತಿರುವಂತೆ ಕಾಣುತ್ತಿದ್ದಳು. ಚಿತ್ತವಾಡ್ಗಿಯಲ್ಲಿ ನಮ್ಮ ಎದುರು ಮನೆಯೇ ಆಕೆಯದು. ಸಂಡೂರಿನಿಂದ ಅದಿರು ಲಾರಿ ಓಡಿಸಿ ಸೊಂಟ ಹಿಡಿದುಕೊಂಡವರು, ಗಾದಿಗನೂರಿನಿಂದ ಕತ್ತು ತಿರುಗಿಸಲಾಗದೆ ಬಂದವರು ಆಕೆಯ ಕಟ್ಟೆಯ ಮೇಲೆ ಬೋರಲು ಮಲಗಿರುತ್ತಿದ್ದರು. ತುದಿಗೆ ತೂತು ಕೊರೆದ ಆಕಳ ಕೊಂಬನ್ನು ಬೆನ್ನಿಗೆ ಒತ್ತಿ, ಬಾಯಿಂದ ಗಾಳಿ ಎಳೆದು, ನಾಲಿಗೆಯಲ್ಲೇ ಮೇಣ ತಳ್ಳಿ ತೂತು ಮುಚ್ಚುವಳು. ಚರ್ಮ ಉಬ್ಬಿ ಕೊಂಬು ಕಚ್ಚಿಕೊಂಡು ನಿಲ್ಲುತ್ತಿತ್ತು.

"ಅಷ್ಟು ದೊಡ್ಡ ಲಾರಿ ಓಡಸ್ತಿ, ಇಷ್ಟ ಕೊಂಬಿಗೆ ಅಂಜ್ತಿಯೇನಲೇ ತಮ್ಮಾ? ಉಸಿರು ಬಿಡು!"

ಕೊಂಬು ತೆಗೆದ ಮೇಲೆ ಉಳಿಯುವ ದುಂಡು ಕಲೆಯೇ ಆಕೆಯ ಶಾಸ್ತ್ರ. ಕೆಂಪಾದರೆ ನೋವು ಮೇಲುಮೇಲಿನದು. ಕಪ್ಪಾದರೆ ಕೆಟ್ಟ ರಕ್ತ ಎದ್ದು ಬಂತು, ಇನ್ನು ಚಿಂತೆಯಿಲ್ಲ.

ನಾನು ಹೊಸಪೇಟೆಯ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು. ಅಲ್ಲೂ ಇದೇ ಚಿಕಿತ್ಸೆ, ಪ್ಲಾಸ್ಟಿಕ್ ಬಟ್ಟಲು ಮತ್ತು ಕೈಪಂಪಿನಿಂದ. ಹಂಪಿಯ ಬಂಡೆ ಹತ್ತಿ ಮೈ ಹಿಡಿದುಕೊಂಡ ವಿದೇಶಿಯರು ಅದನ್ನು ಹಾಕಿಸಿಕೊಂಡು ಬೆನ್ನಿನ ಫೋಟೋ ತೆಗೆಸಿಕೊಳ್ಳುತ್ತಾರೆ. ಒಮ್ಮೆ ಒಂದು ಬಟ್ಟಲು ತಂದು ಹುಲಿಗೆಮ್ಮಕ್ಕನಿಗೆ ತೋರಿಸಿದೆ. "ಇದಕ್ಕ ಬಾಯೇ ಇಲ್ಲಲ್ಲವ್ವಾ, ಎಷ್ಟು ಎಳೀಬೇಕಂತ ಹೆಂಗ ತಿಳೀತೈತಿ?" ಎಂದಳು. ಇಬ್ಬರೂ ನಕ್ಕೆವು.

ಕಂಪ್ಲಿಗೆ ಕೊಟ್ಟಿದ್ದ ಆಕೆಯ ಒಬ್ಬಳೇ ಮಗಳು ರೇಣುಕಾ ಮೈಕೈ ನೋವೆಂದು ತವರಿಗೆ ಬಂದಳು. ತಾಯಿ ಕೊಂಬು ಹಾಕಿದಳು. ಕಲೆ ಮಸಿಯಂತೆ ಎದ್ದಿತು. "ನೋಡವ್ವಾ, ಭಾಳ ಚಲೋ ಬಂತು! ಕೆಟ್ಟದ್ದೆಲ್ಲಾ ಹೊರಗ ಬರಾಕ ಹತ್ತೇತಿ" ಎಂದು ಆಕೆಗೆ ಹಿಗ್ಗೋ ಹಿಗ್ಗು. ಕಪ್ಪಾದಷ್ಟೂ ಮತ್ತೆ ಹಾಕಿದಳು. ಹಳೆಯ ಕಲೆಗಳು ಮಾಸಲಿಲ್ಲ. ಕೊಂಬು ಮುಟ್ಟದ ತೊಡೆಯ ಮೇಲೂ ಒಂದು ದಿನ ಕಲೆ ಕಂಡಿತು. ಅವತ್ತೇ ಇಬ್ಬರನ್ನೂ ದವಾಖಾನೆಗೆ ಕರೆದೊಯ್ದೆ.

ರಕ್ತದ ಕ್ಯಾನ್ಸರ್. ಡಾಕ್ಟರು ಬೈಯಲಿಲ್ಲ. "ಕೊಂಬಿನಿಂದ ಬಂದ ರೋಗ ಅಲ್ಲಮ್ಮ. ಇವಳ ರಕ್ತ ಹೆಪ್ಪುಗಟ್ಟುತ್ತಿಲ್ಲ, ಚರ್ಮದ ಕೆಳಗೆ ಸೋರುತ್ತಿದೆ, ಅದಕ್ಕೇ ಅಷ್ಟು ಕಪ್ಪು. ಇನ್ನು ಹಾಕಬೇಡಿ" ಎಂದರು. ಆಮೇಲೆ ನನ್ನನ್ನು ಹೊರಗೆ ಕರೆದು, ಕೈ ಮೀರಿದೆ ಎಂದರು. ಒಳಗೆ ಹೋದಾಗ ಹುಲಿಗೆಮ್ಮಕ್ಕ ನನ್ನ ಮುಖ ನೋಡಿ, ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡಳು.

ಕಡೆಯ ದಿನಗಳಲ್ಲಿ ರೇಣುಕಾ ತಾಯಿಯ ಕೈ ಹಿಡಿದು ಅಂಗಲಾಚುತ್ತಿದ್ದಳು. "ಯವ್ವಾ, ಒಂದ ಸಲ ಹಾಕಬೇ. ನೀ ಹಾಕಿದ್ರ ನಿದ್ದಿ ಬರ್ತೈತಿ."

"ಬ್ಯಾಡ ನನ್ನವ್ವಾ, ಡಾಕ್ಟರು ಬ್ಯಾಡ ಅಂದಾರ."

"ಊರ ಮಂದಿಗೆಲ್ಲಾ ಹಾಕ್ತಿ, ನನಗ ಯಾಕ ಬ್ಯಾಡ?"

ಒಂದು ರಾತ್ರಿ ಹೀಗೆ ಕೇಳಿದಾಗ ತಾಯಿ ಬೆನ್ನು ಸವರಲು ಹೋದಳು. ಮಗಳು ಆ ಕೈ ಸರಿಸಿ ಗೋಡೆಯ ಕಡೆ ಹೊರಳಿದಳು. ಮತ್ತೆ ಮಾತಾಡಲಿಲ್ಲ, ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಆಮೇಲೆ ಹುಲಿಗೆಮ್ಮಕ್ಕ ಯಾರ ಬೆನ್ನೂ ಮುಟ್ಟಲಿಲ್ಲ. ಬಂಡ್ರಿಯ ತಮ್ಮನ ಮನೆಗೆ ಹೊರಟಾಗ ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಿದ್ದೆ. ನಾನು ಆಕೆಯನ್ನು ನೋಡಿದ್ದು ಅದೇ ಕಡೆಯ ಸಲ. ಸಂಕಟ ತಡೆಯಲಾಗದೆ, "ನೀ ಹಾಕದಿದ್ದದ್ದ ಚಲೋ ಆತಕ್ಕಾ, ಹಾಕಿದ್ರ ಇನ್ನೂ ರಕ್ತ ಸೋರ್ತಿತ್ತು" ಎಂದೆ.

ಗಂಟು ಬಗಲಿಗೇರಿಸಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿದಳು: "ಹಾಕಿದ್ರೂ ಹೋಗ್ತಿದ್ಲು, ಹಾಕದಿದ್ರೂ ಹೋದ್ಲು. ನನ್ನ ಕೂಸು ಕೇಳಿತ್ತವ್ವಾ. ಹಾಕಬೇಕಾಗಿತ್ತು."