ಲೋಟದೊಳಗಿಂದ ಬಂದ ಪರೀಕ್ಷಕರು

ಕಂಪ್ಯೂಟರ್ ಹಚ್ಚುವ ಮುನ್ನ ಅದಕ್ಕೆ ಕೈ ಮುಗಿಯುವ ಚಟ ನನಗಿದೆ. ಕೋಣೆಯ ಬಾಗಿಲು ಹಾಕಿಕೊಂಡೇ ಮುಗಿಯುತ್ತೇನೆ. ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಮುಖ್ಯಸ್ಥೆ ಯಂತ್ರಕ್ಕೆ ನಮಸ್ಕಾರ ಹಾಕುವುದನ್ನು ಹುಡುಗರು ಕಂಡರೆ, ನನ್ನ ವೈಚಾರಿಕ ಸಾಹಿತ್ಯದ ಪಾಠಕ್ಕೆ ಆಮೇಲೆ ಯಾರು ಕಿವಿಗೊಟ್ಟಾರು?

ಗಿರಿಜಾಳ ಪಿಎಚ್.ಡಿ. ಮೌಖಿಕ ಪರೀಕ್ಷೆಯ ದಿನ ಎರಡು ಸಲ ಮುಗಿದಿದ್ದೆ. ಗಿರಿಜಾ ತಿಳವಳ್ಳಿಯವಳು, ಹೈಸ್ಕೂಲು ಶಿಕ್ಷಕಿ. ಭತ್ತದ ನಾಟಿ ಹಾಡುಗಳ ಹಿಂದೆ ಬಿದ್ದು ಏಳು ವರ್ಷ ಸವೆಸಿದ್ದಳು. ವಿಭಾಗದ ಅಧ್ಯಾಪಕರೆಲ್ಲ ನನ್ನ ಕೋಣೆಯಲ್ಲಿ ಸೇರಿದ್ದರು. ದೂರದ ಊರಿನ ಪರೀಕ್ಷಕರು ಪರದೆಯ ಮೇಲೆ ಬರಬೇಕಿತ್ತು. ಅವತ್ತು ಸಂಜೆಯೇ ಅವರು ಪರದೇಶಕ್ಕೆ ಹೊರಡುವವರು. ಇದು ತಪ್ಪಿದರೆ ಗಿರಿಜಾಳ ಪದವಿ ಮುಂದಿನ ವರ್ಷಕ್ಕೇ.

ಹೇಳಿದ ಹೊತ್ತಿಗೆ ಸರಿಯಾಗಿ ಪರೀಕ್ಷಕರು ಮೂಡಿದರು. ನಕ್ಕರು, ತುಟಿ ಆಡಿಸಿದರು. ದನಿ ಮಾತ್ರ ಇಲ್ಲ. ಕನ್ನಡದಲ್ಲಿ ಬರೆದ ಅಕ್ಷರವೆಲ್ಲ ಬಾಯಿ ಬಿಡಲೇಬೇಕು. ಮೂಕ ಅಕ್ಷರಗಳಿರುವುದು ಇಂಗ್ಲಿಷಿನಲ್ಲಿ. ಅಲ್ಲಿಂದ ಬಂದ ಯಂತ್ರಕ್ಕೆ ನಮ್ಮ ಶಿಸ್ತು ಹೇಗೆ ಬರಬೇಕು, ಹೇಳಿ.

ಕಂಪ್ಯೂಟರ್ ಶಾಖೆಗೆ ಫೋನ್ ಮಾಡಿದೆ. "ಮೊದ್ಲ ಆನ್‌ಲೈನ್ ಕಂಪ್ಲೇಂಟ್ ಹಾಕ್ರಿ ಮೇಡಂ, ನಂಬರ್ ಬಂದ ಕೂಡ್ಲೇ ಬರ್ತೇನಿ," ಎಂದಳು ರಜಿಯಾ. ಇಡೀ ಕಟ್ಟಡಕ್ಕೆ ಅವಳೊಬ್ಬಳೇ ತಂತ್ರಜ್ಞೆ. ದೂರು ಹಾಕಲು ಪಾಸ್‌ವರ್ಡ್ ಬೇಕು. ನನಗೆ ನೆನಪಿಲ್ಲ. ಹೊಸದು ಬೇಕೆಂದರೆ ಓಟಿಪಿ ಹೋಗುವುದು ಹಿಂದಿನ ಮುಖ್ಯಸ್ಥರ ಮೊಬೈಲಿಗೆ. ಅವರು ನಿವೃತ್ತರಾಗಿ ಸವಣೂರಿನಲ್ಲಿ ವೀಳ್ಯದೆಲೆಯ ತೋಟ ನೋಡಿಕೊಂಡಿದ್ದಾರೆ. ಅವರಿಗೆ ಫೋನ್ ಹಚ್ಚಿದೆ.

"ನಿಚ್ಚಣಕಿ ಮ್ಯಾಲ ಅದೀನ್ರಿ, ಎಲಿ ಕೊಯ್ಯಾಕತ್ತೇನಿ," ಎಂದರು. "ನಾಕು, ಒಂದು... ಮುಂದಿಂದು ಆರೋ ಎಂಟೋ ತಿಳೀವಲ್ದು. ಚಾಳೀಸು ಮನ್ಯಾಗ ಉಳದೈತಿ."

"ಸರ್, ಕೆಳಗ ಇಳೀರಿ, ಬೀಳ್ತೀರಿ!" ಎಂದು ನಾನು ಕೂಗಿದೆ. ಅವರು ಇಳಿದು, ಆಳಿನವಳಿಂದ ಓದಿಸುವಷ್ಟರಲ್ಲಿ ಓಟಿಪಿಯ ಆಯುಷ್ಯ ಮುಗಿದಿತ್ತು.

ಗಿರಿಜಾಳ ಕಣ್ಣು ತುಂಬಿತು. "ಮೇಡಂ, ಅವ್ವಗ ಹೇಳಿ ಬಂದೇನ್ರಿ, ಇವತ್ತ ಮುಗಸ್ಕೊಂಡ ಬರ್ತೇನಿ ಅಂತ." ಆ ಹಾಡುಗಳೆಲ್ಲ ಅವಳ ಅವ್ವನವೇ. ನನ್ನ ಅಧಿಕಾರವೆಲ್ಲ ಸೋರಿಹೋಯಿತು. ಮೆಟ್ಟಿಲಿಳಿದು ಓಡಿ ರಜಿಯಾಳ ಮುಂದೆ ನಿಂತೆ. ನನ್ನ ಮುಖ ನೋಡಿದವಳು ನಂಬರ್ ಕೇಳಲಿಲ್ಲ, ಎದ್ದು ಬಂದಳು.

ಎರಡೇ ನಿಮಿಷ ತಡಕಾಡಿ, "ದನಿ ಕೊಡೋ ಭಾಗನ ಸುಟ್ಟೈತ್ರಿ. ಪರೀಕ್ಷಕರ ಫೋನ್ ನಂಬರ್ ಐತೇನ್ರಿ?" ಎಂದಳು. ಇತ್ತು. ಫೋನ್ ಮಾಡಬಹುದೆಂಬುದು ಮಾತ್ರ ಅಲ್ಲಿದ್ದ ಪಂಡಿತರಾರಿಗೂ ಹೊಳೆದಿರಲಿಲ್ಲ. ರಜಿಯಾ ಕರೆ ಹಚ್ಚಿ, ದನಿ ಎಲ್ಲರಿಗೂ ಕೇಳಲೆಂದು ಮೊಬೈಲನ್ನು ನನ್ನ ಸ್ಟೀಲ್ ಲೋಟದೊಳಗೆ ಇಳಿಬಿಟ್ಟಳು. ಲೋಟ ಗುಡುಗಿತು: "ಈಗ ಕೇಳ್ತಿದೆಯಾ?"

ಹೀಗೆ ಪರೀಕ್ಷಕರ ತುಟಿ ಪರದೆಯಲ್ಲಿ ಆಡಿತು, ಮಾತು ಅದರ ಹಿಂದೆ ಲೋಟದಿಂದ ಹೊರಟಿತು. ನಾವೆಲ್ಲ ಲೋಟದ ಕಡೆ ಬಗ್ಗಿ ವಿನಯದಿಂದ ಉತ್ತರಿಸಿದೆವು. ಗಿರಿಜಾ ಒಂದು ಪ್ರಶ್ನೆಗೂ ತಡವರಿಸಲಿಲ್ಲ. ಕೊನೆಗೆ ಲೋಟ, "ಅಭಿನಂದನೆ ಡಾಕ್ಟರ್ ಗಿರಿಜಾ. ನನಗಿನ್ನೂ ಹೊತ್ತಿದೆ, ಒಂದು ಹಾಡು ಹೇಳ್ತೀರಾ?" ಎಂದಿತು.

ಅವಳು ಕಣ್ಣೊರೆಸಿಕೊಂಡು ಶುರು ಮಾಡಿದಳು. ಎರಡನೆಯ ನುಡಿಗೆ ರಜಿಯಾ ದನಿಗೂಡಿಸಿದಳು. ನಾನು ಬೆರಗಾಗಿ ನೋಡಿದೆ. "ನಮ್ಮವ್ವನೂ ನಾಟಿಗೆ ಹೋಗ್ತಿದ್ಲರಿ," ಎಂದಳು, ನಡುವೆ ಉಸಿರು ತಗೊಂಡು. ಆಮೇಲೆ ನಾನೂ ಶುರು ಮಾಡಿದೆ, ಪೂರ್ತಿ ಅಪಸ್ವರದಲ್ಲಿ.

ಅಷ್ಟರಲ್ಲಿ ಮೇಜಿನ ಮೇಲಿನ ಆಫೀಸು ಫೋನ್ ಹೊಡೆದುಕೊಂಡಿತು. ಅರ್ಥಶಾಸ್ತ್ರ ವಿಭಾಗದವರು ರಜಿಯಾಳನ್ನು ಹುಡುಕುತ್ತಿದ್ದರು, ಅವರ ಪ್ರಿಂಟರ್ ನಿಂತಿತ್ತಂತೆ. ರಜಿಯಾ ರಿಸೀವರ್ ಎತ್ತಿಕೊಂಡು ಬಹಳ ಗಂಭೀರವಾಗಿ ಹೇಳಿದಳು:

"ಇಲ್ಲಿ ದೊಡ್ಡ ಕೆಲಸ ನಡದೈತ್ರಿ ಸರ್. ಇನ್ನೂ ಹತ್ತು ನುಡಿ ಬಾಕಿ ಅದಾವು."